ವೈವಾ ಮುಗಿಯಿತು, ಕೊಟ್ಟಿಗೆಯವರಿಗೆಲ್ಲ ಥ್ಯಾಂಕ್ಸ್

ಹೋದ ವಾರ ನನ್ನ ವೈವಾ ಮುಗಿಯಿತು. ಮಲೆನಾಡು ಗಿಡ್ಡ ದನಗಳ ಮೇಲಿನ ಪಿಎಚ್.ಡಿ. ಪ್ರಬಂಧಕ್ಕೆ ಒಪ್ಪಿಗೆ ಸಿಕ್ಕಿದೆ. ಗೈಡ್‌ಗೆ, ಲ್ಯಾಬಿನವರಿಗೆ ಪ್ರಬಂಧದ ಮೊದಲ ಪುಟದಲ್ಲೇ ಧನ್ಯವಾದ ಹೇಳಿದ್ದೇನೆ. ಇದು ಆ ಪುಟ ಓದದವರಿಗೆ. ಸೋಮವಾರಪೇಟೆ, ಮಾದಾಪುರ, ಭಾಗಮಂಡಲ ಕಡೆಯ ದನ ಸಾಕುವವರಿಗೆ.

ತಳಿಯೊಳಗಿನ ವೈವಿಧ್ಯ ಅಳೆಯಬೇಕಾದರೆ ಒಂದಕ್ಕೊಂದು ನೆಂಟಸ್ತನವಿಲ್ಲದ ದನಗಳ ರಕ್ತ ಬೇಕು. ತಾಯಿ, ಮಗಳು, ತಂಗಿ ಎಲ್ಲದರದ್ದೂ ತೆಗೆದರೆ ಡಿಎನ್‌ಎಯಲ್ಲಿ ಕಾಣುವುದು ಒಂದೇ ಮನೆತನ. ಬಿಟ್ಟು ಮೇಯಿಸುವ ಗಿಡ್ಡಗಳಿಗೆ ರಿಜಿಸ್ಟರ್ ಎಲ್ಲಿಂದ ಬರಬೇಕು? ಅದು ಇದ್ದದ್ದು ಹಾಲು ಕರೆಯುವ ಹೆಂಗಸರ ಬಾಯಲ್ಲಿ. “ಇದು ಗೌರಿ ಮಗಳು. ಗೌರಿ ತಾಯಿಯನ್ನು ನನ್ನ ತವರಿಂದ ತಂದದ್ದು. ಕೆಳಗಿನ ಮನೆ ಕಪ್ಪಿನೂ ಅದರ ಹೊಟ್ಟೆಯದ್ದೇ, ಅದನ್ನು ಬಿಟ್ಟುಬಿಡಿ” ಅಂತ ಒಬ್ಬ ಅಕ್ಕ ಹೇಳಿದ ಮೇಲೆ ನನ್ನ ಅರ್ಧ ಪಟ್ಟಿಗೆ ಗೀಟು ಬಿತ್ತು. ಆ ಗೀಟಿಗೇ ಜಾಸ್ತಿ ಋಣಿ ನಾನು. ಅಪ್ಪ ಯಾರು ಎಂದರೆ ಮಾತ್ರ ಎಲ್ಲರೂ ನಗುತ್ತಿದ್ದರು. ಕಾಡಂಚಿನಲ್ಲಿ ನಡೆದದ್ದಕ್ಕೆ ಸಾಕ್ಷಿ ಯಾರು, ಅಲ್ವಾ?

ಮಳೆಗಾಲದಲ್ಲಿ ಕರೆಂಟ್ ಹೋದಾಗ ಜನರೇಟರ್ ಹಾಕಿ, ಪಂದಿಕರಿ ಪಾತ್ರೆಯ ಪಕ್ಕ ನನ್ನ ರಕ್ತದ ಟ್ಯೂಬುಗಳಿಗೆ ಫ್ರಿಜ್‌ನಲ್ಲಿ ಜಾಗ ಕೊಟ್ಟ ಹೋಂಸ್ಟೇ ದಂಪತಿಗೂ ಥ್ಯಾಂಕ್ಸ್. ಅಕ್ಕನಿಗೆ ಅದು ಕೊನೆವರೆಗೂ ಇಷ್ಟವಾಗಲಿಲ್ಲ, ಗೊತ್ತು.

ಇನ್ನು ಹೋರಿ ಸಾಕಿದವರು. ದೇಶದ ಸಾಕುಪ್ರಾಣಿ ತಳಿಗಳನ್ನು ದಾಖಲಿಸುವ ಕರ್ನಾಲಿನ ರಾಷ್ಟ್ರೀಯ ಬ್ಯೂರೋದ ತಳಿಪಟ್ಟಿಯಲ್ಲಿ ಗಿಡ್ಡದ ಹೆಸರೂ ಇದೆ. ಆದರೆ ಪಟ್ಟಿಯಲ್ಲಿದ್ದರೆ ಕರು ಹುಟ್ಟುತ್ತದಾ? ಒಂದೇ ಹೋರಿ, 50 ಹಸು ಇರುವ ಹಿಂಡಿನಲ್ಲಿ ಎಲ್ಲ ಕರುಗಳಿಗೂ ಅಪ್ಪ ಒಬ್ಬನೇ, ಹಾಗಾಗಿ ವೈವಿಧ್ಯ ಉಳಿಸುವುದರಲ್ಲಿ ಅದು ತಳಿವಿಜ್ಞಾನದ ಲೆಕ್ಕದಲ್ಲಿ ಹೆಚ್ಚುಕಮ್ಮಿ 4 ದನಕ್ಕೆ ಸಮ. ಅದೇ ಹಸುಗಳಿಗೆ 5 ಹೋರಿ ಇದ್ದರೆ 18ಕ್ಕೆ ಏರುತ್ತದೆ. ಹಸುವಾದರೆ ಒಂದೆರಡು ಲೀಟರ್ ಹಾಲಾದರೂ ಕೊಡುತ್ತದೆ, ಹೋರಿ ಬರೀ ತಿನ್ನುತ್ತದೆ. ಆದ್ದರಿಂದ ಮೊದಲು ಮಾರಾಟವಾಗುವುದು ಅದೇ. ಹಾಗಿದ್ದೂ ಮಾದಾಪುರದ ಹತ್ತಿರದ ಅಣ್ಣ ಒಬ್ಬರು ತಮ್ಮ ಖರ್ಚಲ್ಲಿ ಹುಲ್ಲು ಹಾಕಿ, ಸುತ್ತಲಿನವರ ಹಸುಗಳಿಗೆಲ್ಲ ಬಿಡುತ್ತಾರೆ. ಯಾರ ಹತ್ತಿರವೂ ಐದು ಪೈಸೆ ಕೇಳಿಲ್ಲ.

ಅಣ್ಣಾ, ಅದನ್ನು ಮಾರಬೇಡಿ. ಅದರ ಹೆಣ್ಣುಕರುಗಳು ಬೆದೆಗೆ ಬರುವ ಮುಂಚೆ ಬೇರೆ ಊರಿನ ಹೋರಿಯ ಜೊತೆ ಅದಲುಬದಲು ಮಾಡೋಣ. ಶಾಂತಳ್ಳಿ ಕಡೆ ಒಂದನ್ನು ನೋಡಿಟ್ಟಿದ್ದೇನೆ.