ಮೊದಲು ಸೀಟು ಏರಿಸು, ಆಮೇಲೆ ಕಾಕಾನ ಮಾತಿಗೆ ಬರೋಣ

ವಿಜಯಪುರ

ಚಿ. ಮಗಳಿಗೆ ದೊಡ್ಡವ್ವನ ಆಶೀರ್ವಾದಗಳು.

ನಿನ್ನ ಪತ್ರ ಮುಟ್ಟಿತು. ಸೈಕಲ್ ಓಟದ ಆಯ್ಕೆಯಲ್ಲಿ ಹೆಸರು ಬರಲಿಲ್ಲ, ಮೊಣಕಾಲು ನೋಯುತ್ತಿದೆ, ಕಾಕಾ "ಹೆಣ್ಣುಹುಡುಗಿಗೆ ಯಾಕ ಬೇಕು ಈ ಉಸಾಬರಿ, ರೋಡಿನ್ಯಾಗ ಏನರ ಆದ್ರ ಯಾರ ಜವಾಬ್ದಾರಿ" ಅಂದರು, ಆಯಿ "ಬಿಸಲಾಗ ಕರ್ರಗಾಗ್ತಿ" ಅಂದಳು. ಎಲ್ಲವನ್ನೂ ಒಂದೇ ಉಸಿರಿಗೆ ಬರೆದಿದ್ದೀಯ. ಬೇರೆ ಬೇರೆ ಮಾಡಿ ನೋಡು. ಆಯಿಯ ಮಾತಿಗೆ ಉದ್ದ ತೋಳಿನ ಜರ್ಸಿ ಸಾಕು. ಕಾಕಾನ ಮಾತಿನಲ್ಲಿ ಅರ್ಧ ಖರೆ ಇದೆ, ಅದಕ್ಕೆ ಆಮೇಲೆ ಬರುತ್ತೇನೆ. ಮೊದಲು ಮೊಣಕಾಲು.

ನೋವು ಚಿಪ್ಪಿನ ಮುಂದೆ ಅಂತ ಬರೆದಿದ್ದೀಯ. ಅಂದರೆ ಬಹುತೇಕ ಸೀಟು ತಗ್ಗಿದೆ, ಇಲ್ಲವೇ ಭಾರದ ಗೇರು ತುಳಿಯುತ್ತಿದ್ದೀಯ. ನಿನ್ನದು ಎರಡೂ ಇರಬೇಕು. ಅಪ್ಪನಿಗೆ ಸೈಕಲ್ ಹಿಡಿಯಲು ಹೇಳಿ ಸೀಟಿನ ಮೇಲೆ ನೆಟ್ಟಗೆ ಕೂತು ಹಿಮ್ಮಡಿಯನ್ನು ಪೆಡಲ್ ಮೇಲಿಡು. ಪೆಡಲ್ ಪೂರಾ ಕೆಳಗಿರುವಾಗ ಕಾಲು ಆಗಷ್ಟೇ ನೆಟ್ಟಗಾಗಬೇಕು, ಸೊಂಟ ಒಂದು ಕಡೆ ಜಾರಬಾರದು. ಆಮೇಲೆ ಪಾದದ ಮುಂದಿನ ಉಬ್ಬನ್ನು ಪೆಡಲ್ ಮೇಲೆ ತಂದರೆ ಮೊಣಕಾಲಿನಲ್ಲಿ ಸಣ್ಣ ಮಡಿಕೆ ಉಳಿಯುತ್ತದೆ, ಬೇಕಾದದ್ದು ಅಷ್ಟೇ. ಏರಿಸುವುದಾದರೆ ಒಮ್ಮೆಗೆ 3 ಮಿಲಿಮೀಟರ್, ಎರಡು ಮೂರು ದಿನ ಓಡಿಸಿ ಮತ್ತೆ 3. ಒಂದೇ ದಿನ ಎರಡು ಸೆಂಟಿಮೀಟರ್ ಏರಿಸಿದರೆ ನೋವು ಮೊಣಕಾಲಿನ ಹಿಂಬದಿಗೆ ಹೋಗುತ್ತದೆ. ಬರೋಬ್ಬರಿ ಆದ ಮೇಲೆ ಸೀಟಿನ ಕಂಬಕ್ಕೆ ಟೇಪ್ ಸುತ್ತಿ ಗುರುತು ಮಾಡು. ತಮ್ಮ ಒಯ್ದು ಇಳಿಸಿಕೊಂಡು ಬಂದರೆ ಗೊತ್ತಾಗಬೇಕಲ್ಲ.

ಇನ್ನು ಗೇರು. ಪೆಡಲ್ ಹತ್ತಿರದ ದೊಡ್ಡ ಹಲ್ಲುಚಕ್ರ ಹಾಕಿ ತುಳಿದರೇ ಜೋರು ಅನ್ನುವ ಭ್ರಮೆ ನಮ್ಮ ಕಡೆ ಬಹಳ. ಲೆಕ್ಕ ಹಾಕಿ ನೋಡು: ಮುಂದೆ 52, ಹಿಂದೆ 14 ಹಲ್ಲು ಹಾಕಿ ನಿಮಿಷಕ್ಕೆ 60 ಸುತ್ತು ತುಳಿದರೆ ವೇಗ ಗಂಟೆಗೆ 28 ಕಿ.ಮೀ. ಮುಂದೆ 39, ಹಿಂದೆ 16 ಹಾಕಿ 90 ಸುತ್ತು ತುಳಿದರೂ ಸುಮಾರು ಅಷ್ಟೇ. ಆದರೆ ಎರಡನೆಯದರಲ್ಲಿ ಪ್ರತಿ ತುಳಿತಕ್ಕೆ ಬೀಳುವ ಭಾರ ಮೂರರಲ್ಲಿ ಎರಡು ಪಾಲು ಮಾತ್ರ, ತೊಡೆ ಬೇಗ ಸೋಲುವುದಿಲ್ಲ. ಬಲಮೊಣಕಾಲು ಮೇಲೆ ಬಂದದ್ದನ್ನು 15 ಸೆಕೆಂಡು ಎಣಿಸು. 22, 23 ಬಂದರೆ ಸರಿ. ಮೊದಮೊದಲು ಸೀಟಿನ ಮೇಲೆ ಕುಪ್ಪಳಿಸಿದಂತಾಗುತ್ತದೆ. ಮೂರ್ನಾಲ್ಕು ವಾರ ಬೇಕು.

ಆಯ್ಕೆಯ ದಿನ ಮೊದಲ ಎರಡು ಕಿಲೋಮೀಟರ್ ಎಲ್ಲರಿಗಿಂತ ಮುಂದೆ, ಕೊನೆಗೆ ಎಲ್ಲರಿಗಿಂತ ಹಿಂದೆ ಅಂತ ಬರೆದಿದ್ದೀಯ. ಅದಕ್ಕೆ ಕಾಲಿಗಿಂತ ಓಟ ಹಂಚಿಕೊಂಡ ರೀತಿಯೇ ಕಾರಣ. ಮೂರು ವಾರಕ್ಕೊಮ್ಮೆ ತಿಕೋಟಾ ರಸ್ತೆಯಲ್ಲಿ 5 ಕಿಲೋಮೀಟರ್ ಹೋಗಿ ಅದೇ ದಾರಿ ವಾಪಸು ಬಾ, ಅದೇ ಹೊತ್ತಿಗೆ, ಒಬ್ಬಳೇ. ಮೊದಲ ಎರಡು ಕಿಲೋಮೀಟರ್ "ಇದು ಸಾಲದು" ಅನಿಸಬೇಕು. ವಹಿಯಲ್ಲಿ ಸಮಯದ ಜೊತೆ ಗಾಳಿಯನ್ನೂ ಬರೆ. ಆಷಾಢದ ಪಡುವಣ ಗಾಳಿಯಲ್ಲಿ ಹೋಗುವಾಗ ಕಳೆದದ್ದು ಬರುವಾಗ ಪೂರ್ತಿ ಸಿಗುವುದಿಲ್ಲ. ಗಾಳಿಯಿಲ್ಲದ ದಿನ 30ರ ವೇಗದಲ್ಲಿ 20 ನಿಮಿಷ. ಹೋಗುವಾಗ 24, ಬರುವಾಗ 36 ಆದರೆ 20 ನಿಮಿಷ 50 ಸೆಕೆಂಡು. ಇದು ಗೊತ್ತಿಲ್ಲದೆ ಎಷ್ಟೋ ಮಕ್ಕಳು ಶ್ರಾವಣದ ಹೊತ್ತಿಗೆ ತಾವು ಹಿಂದೆ ಬಿದ್ದೆವು ಅಂತ ಕೈಬಿಡುತ್ತಾರೆ.

ಪಂಕ್ಚರ್ ಬಗ್ಗೆ ಕೇಳಿದ್ದೀಯ. ನಮ್ಮ ರಸ್ತೆಯಂಚಿನ ಬಳ್ಳಾರಿ ಜಾಲಿ ಮುಳ್ಳು ಟಯರಿನಲ್ಲಿ ಮುರಿದು ಕೂರುತ್ತದೆ, ಹೊರಗಿಂದ ಕಾಣುವುದಿಲ್ಲ. ಹೊಸ ಟ್ಯೂಬ್ ಹಾಕಿ ಹತ್ತು ನಿಮಿಷಕ್ಕೆ ಮತ್ತೆ ಹವಾ ಹೋದರೆ ಅದೇ ಮುಳ್ಳು. ಟಯರ್ ಒಳಗೆ ಹತ್ತಿ ಸವರುತ್ತಾ ಬಾ. ಎಳೆ ಸಿಕ್ಕಿಕೊಂಡಲ್ಲಿ ಮುಳ್ಳಿದೆ, ಚಿಮಟದಿಂದ ಒಳಗಿನಿಂದಲೇ ಎಳೆ. ತೇಪೆ ಹಚ್ಚುವಾಗ ಸಲ್ಯೂಶನ್ ಹಸಿ ಇರುವಾಗಲೇ ಒತ್ತಬೇಡ, ಹೊಳಪು ಹೋಗಿ ಬೆರಳಿಗೆ ಅಂಟದ ಹಾಗಾಗಲಿ, ಐದು ನಿಮಿಷ. ಟ್ಯೂಬಿನಲ್ಲಿ ಹಾವು ಕಚ್ಚಿದಂತೆ ಎರಡು ತೂತು ಅಕ್ಕಪಕ್ಕ ಇದ್ದರೆ ಮುಳ್ಳಲ್ಲ. ಹವಾ ಕಡಿಮೆಯಿದ್ದು ಗುಂಡಿಯಲ್ಲಿ ರಿಮ್ಮು ಕಚ್ಚಿದೆ. ನಿನ್ನ ಐವತ್ತು ಕಿಲೋ ಮೈಗೆ, 25 ಮಿಲಿಮೀಟರ್ ಅಗಲದ ಟಯರಿಗೆ ಹವಾದ ಒತ್ತಡ ಮುಂದೆ 75, ಹಿಂದೆ 80 ಪಿಎಸ್‌ಐ ಸಾಕು. ಅಂಗಡಿಯವರು 120 ತುಂಬಿಬಿಡುತ್ತಾರೆ. ನಮ್ಮ ರಸ್ತೆಯಲ್ಲಿ ಅದು ಮೈ ಕುಲುಕಿಸುತ್ತದೆ, ವೇಗ ಕೊಡುವುದಿಲ್ಲ.

ಊಟದಲ್ಲಿ ಹಟ ಮಾಡಬೇಡ. ಹೊರಡುವ ಎರಡು ತಾಸು ಮುಂಚೆ ರೊಟ್ಟಿ ಪಲ್ಯ ಆಗುತ್ತದೆ, ನಸುಕಿನ ಐದಕ್ಕೆ ಹೊರಡುವುದಾದರೆ ಬಾಳೆಹಣ್ಣು ಸಾಕು. ಒಂದೂವರೆ ತಾಸಿಗಿಂತ ಉದ್ದದ ಓಟಕ್ಕೆ ತಾಸಿಗೊಂದು ಬಾಳೆಹಣ್ಣು, 25 ಗ್ರಾಂ ಬೆಲ್ಲ. ಹಸಿವಾದ ಮೇಲಲ್ಲ, ಅರ್ಧ ತಾಸಿನಿಂದಲೇ ಸ್ವಲ್ಪ ಸ್ವಲ್ಪ. ಶೇಂಗಾ ಹೋಳಿಗೆ ಮನೆಗೆ ಬಂದ ಮೇಲೆ, ಎಣ್ಣೆಯಂಶ ಹೊಟ್ಟೆಯಲ್ಲಿ ನಿಧಾನ ಕರಗುತ್ತದೆ. ನೀರಿನ ಬಾಟಲಿಗೆ ಕಾಲು ಚಮಚ ಉಪ್ಪು. ತೂಕ ಇಳಿಸಿದರೆ ಏರು ಹತ್ತುತ್ತೀಯ ಅಂತ ಯಾರಾದರೂ ಹೇಳಿದರೆ ಕೇಳಬೇಡ. ತಿಂಗಳ ಮುಟ್ಟು ಮೂರು ತಿಂಗಳು ತಪ್ಪಿದರೆ ಮೈಗೆ ಅನ್ನ ಸಾಲುತ್ತಿಲ್ಲವೇನೋ ಅಂತ ತಿಳಿದು ಅವ್ವನಿಗೆ ಹೇಳಿ ಡಾಕ್ಟರರ ಹತ್ತಿರ ಹೋಗು, ಹಾಗೇ ಬಿಟ್ಟರೆ ಎಲುಬು ಸವೆಯುತ್ತದೆ. ರಕ್ತದ ಹಿಮೋಗ್ಲೋಬಿನ್ 12ಕ್ಕಿಂತ ಕೆಳಗಿದ್ದರೆ ಎಷ್ಟು ತುಳಿದರೂ ಉಸಿರು ಸಾಲದು. ಊಟದ ಬೆನ್ನಿಗೇ ಚಹಾ ಬಿಡು, ಅನ್ನದ ಕಬ್ಬಿಣಾಂಶವನ್ನು ಅದು ಮೈಗೆ ಪೂರ್ತಿ ಹತ್ತಗೊಡುವುದಿಲ್ಲ.

ಈಗ ಕಾಕಾ. ರಸ್ತೆಯ ಭಯ ಖರೆ, ಅದಕ್ಕೆ ವಾದ ಮಾಡಬೇಡ. ಕಾರ್ಖಾನೆ ಚಾಲೂ ಆದ ಮೇಲೆ ಕಬ್ಬಿನ ಟ್ರ್ಯಾಕ್ಟರುಗಳು ಎರಡೆರಡು ಟ್ರೇಲರ್ ಕಟ್ಟಿಕೊಂಡು, ಹಿಂದೆ ದೀಪವಿಲ್ಲದೆ ಹೋಗುತ್ತವೆ. ಅವುಗಳ ಬೆನ್ನಿಗೆ ಗಾಳಿ ತಪ್ಪಿಸಿಕೊಂಡು ಓಡುವುದು ಹುಡುಗರ ಚಟ; ಒಂದು ಜಲ್ಲೆ ಬಿದ್ದರೆ ಮುಂದಿನ ಗಾಲಿ ಮಡಿಚಿಕೊಳ್ಳುತ್ತದೆ. ಹೆಲ್ಮೆಟ್, ಹಿಂದೆ ಕೆಂಪು ದೀಪ, ಬೆಳಕಾದ ಮೇಲಷ್ಟೇ ದೊಡ್ಡ ರಸ್ತೆ, ಹೊರಡುವಾಗ ದಾರಿ ಮತ್ತು ವಾಪಸು ಬರುವ ಹೊತ್ತು ಹೇಳಿ ಹೋಗುವುದು. ಇದನ್ನು ನೀನಾಗಿಯೇ ಕಾಕಾನಿಗೆ ಹೇಳು. ಹೆಣ್ಣುಹುಡುಗಿ ಅನ್ನುವ ಇನ್ನರ್ಧಕ್ಕೆ ಉತ್ತರ ಕೊಡುತ್ತ ಕೂರಬೇಡ. ಮೇಘಾ ಗುಗಾಡ, ದಾನಮ್ಮ ಚಿಚಖಂಡಿ ಕರ್ನಾಟಕದ ಪರವಾಗಿ ಸೈಕಲ್ ಓಡಿಸಿದ್ದು ಪೇಪರಿನಲ್ಲಿ ಅವರೂ ಓದಿರುತ್ತಾರೆ.

ಹಗುರಾದ ದುಬಾರಿ ಕಾರ್ಬನ್ ಸೈಕಲ್ ಕೊಡಿಸಿ ಅಂತ ಅಪ್ಪನ ಬೆನ್ನು ಹತ್ತಬೇಡ. ಮೊದಲು ಚೈನ್ ಅಳೆ: ಸ್ಕೇಲಿನ ಸೊನ್ನೆಯನ್ನು ಒಂದು ಪಿನ್ನಿನ ನಡುವೆ ಇಟ್ಟರೆ 12 ಇಂಚಿಗೂ ಪಿನ್ನಿನ ನಡುವೇ ಬರಬೇಕು. ಒಂದೂವರೆ ಮಿಲಿಮೀಟರ್ ಮುಂದೆ ಹೋಗಿದ್ದರೆ ಚೈನ್ ಬದಲಿಸು. ಮೂರು ಆಗಿದ್ದರೆ ಹಿಂದಿನ ಹಲ್ಲುಚಕ್ರವೂ ಹೋಗಿದೆ, ಖರ್ಚು ದುಪ್ಪಟ್ಟು. ಅಳತೆಯನ್ನೂ, ನೆಲದಿಂದ ಸೀಟಿನ ಎತ್ತರವನ್ನೂ, ಮೊದಲ 10 ಕಿಲೋಮೀಟರಿನ ಸಮಯವನ್ನೂ ಬರೆದು ಕಳಿಸು. ಪರೀಕ್ಷೆ ಯಾವಾಗ ಅನ್ನುವುದನ್ನೂ ಬರೆ, ಆ ಹದಿನೈದು ದಿನ ವಾರಕ್ಕೆ ಮೂರೇ ಓಟ ಇಟ್ಟು ಲೆಕ್ಕ ಹಾಕಿ ಕೊಡುತ್ತೇನೆ.

ನಿನ್ನ ದೊಡ್ಡವ್ವ