ಗಗ್ಗರ ಕಟ್ಟುವ ಮೊದಲು

ಮಲಯಾಳ ಪಂಚಾಂಗದ ತುಲಾ ಮಾಸದ ಹತ್ತು ಬಂತು. ಕಾಸರಗೋಡಿನ ಚಂದ್ರಗಿರಿ ಹೊಳೆಯ ತೆಂಕಣ ಕಾವುಗಳಲ್ಲಿ (ದೈವದ ಬನಗಳಲ್ಲಿ), ದೈವದ ವೇಷ ಕಟ್ಟಿ ಕುಣಿಯುವ ತೆಯ್ಯಂ ಶುರು. ಬಡಗಣ ಕುಂಬಳೆ, ಮಂಜೇಶ್ವರದ ಕಡೆಯಿಂದ ಇನ್ನು ಮೇ ಕೊನೆಯ ಪತ್ತನಾಜೆವರೆಗೆ ಇಂಥದೇ ದೈವಾರಾಧನೆಗಳಾದ ಕೋಲ, ನೇಮ, ಒತ್ತೆಕೋಲದ ಕರೆಯೋಲೆಗಳು ವಾಟ್ಸಾಪಿಗೆ ಬೀಳುತ್ತಲೇ ಇರುತ್ತವೆ. ಕಳೆದ ವಾರ ನಮ್ಮ ಸಂಘದ ಕನ್ನಡ ತರಗತಿಯಲ್ಲಿ ಅರ್ಧ ನಿಮಿಷದ ಕೋಲದ ವಿಡಿಯೋ ನೋಡಿದ ಹುಡುಗಿಯೊಬ್ಬಳು ಕೇಳಿದಳು: "ರಾಜ್ಯೋತ್ಸವಕ್ಕೆ ನಾವೂ ಇದನ್ನೇ ಮಾಡುವನಾ? ಡ್ರೆಸ್ ಆನ್‌ಲೈನಿನಲ್ಲಿ ಸಿಗ್ತದೆ." ಸಮಿತಿಯಲ್ಲೂ ಕೆಲವರಿಗೆ ಇದೇ ಆಸೆ. ಬೇಡ. ಯಾಕೆ ಬೇಡ ಎಂದು ಮಕ್ಕಳಿಗೆ ಬಿಡಿಸಿ ಹೇಳಬೇಕು, "ದೈವಕ್ಕೆ ಕೋಪ ಬರ್ತದೆ" ಅಂದರೆ ಸಾಲದು.

ಆ ಅರ್ಧ ನಿಮಿಷದಲ್ಲಿ ಕಂಡದ್ದು ಕುಣಿತ ಮಾತ್ರ. ಕೋಲದ ಮುಕ್ಕಾಲು ಪಾಲು ಕಾಲಿಗೆ ಗಗ್ಗರ (ದೊಡ್ಡ ಗೆಜ್ಜೆ) ಕಟ್ಟುವ ಮೊದಲೇ ನಡೆದಿರುತ್ತದೆ. ಕಟ್ಟುವವರು ವ್ರತದಲ್ಲಿರಬೇಕು, ದೈವದ ಒಡವೆ, ಆಯುಧಗಳ ಭಂಡಾರ ಬರಬೇಕು, ಎಣ್ಣೆಬೂಳ್ಯ (ವೇಷ ಕಟ್ಟಲು ಒಪ್ಪಿಗೆಯಾಗಿ ಕೊಡುವ ಎಣ್ಣೆ, ವೀಳ್ಯ) ಕೈಗೆ ಸಿಗಬೇಕು. ಆ ಎಣ್ಣೆ ಹಚ್ಚಿ ಮಿಂದು ಬಂದ ಮೇಲೆಯೇ ಬಣ್ಣ. ನುಣ್ಣಗೆ ಅರೆದ ಅರದಾಳವೆಂಬ ಖನಿಜದಿಂದ ಮುಖವಿಡೀ ಹಳದಿ, ಮೇಲೆ ತೆಂಗಿನ ಕಡ್ಡಿಯಿಂದ ಎಳೆದ ಕಪ್ಪು, ಕೆಂಪು, ಬಿಳಿ ಗೆರೆಗಳು. ಪಕ್ಕದಲ್ಲಿ ಕಟ್ಟುವವರ ಮನೆಯ ಹೆಂಗಸರು ತೆಂಬರೆ ಎಂಬ ಸಣ್ಣ ಚರ್ಮವಾದ್ಯ ಬಡಿಯುತ್ತ ಪಾಡ್ದನ, ಅಂದರೆ ದೈವದ ಕಥೆಯ ಹಾಡು, ಹೇಳುತ್ತಿರುತ್ತಾರೆ. ಹುಬ್ಬಿನ ಗೆರೆ ತಪ್ಪಿ ಒರಸಿ ಬರೆಯಬೇಕಾಯಿತೋ, ಪಾಡ್ದನವೂ ಅಷ್ಟು ಹಿಗ್ಗುತ್ತದೆ. ಬಣ್ಣ ಬೇಗ ಮುಗಿದರೆ ಕಥೆಯೂ ಬೇಗ ಓಡುತ್ತದೆ. ಹೇಳುವವರಿಲ್ಲವೆಂದು ರೆಕಾರ್ಡ್ ಹಾಕಿದರೆ ಕೆಡುವುದು ಈ ಹೊಂದಿಕೆಯೇ. ಮೊಬೈಲು ಯಾರ ಮುಖವನ್ನೂ ನೋಡಿ ಹಾಡುವುದಿಲ್ಲ.

ಸೊಂಟಕ್ಕೆ ಕಟ್ಟುವ ಗರಿಯ ಉಡುಪಾದ ಸಿರಿಯ ವಿಷಯವೂ ಹಾಗೆಯೇ. ಎಳೆ ತೆಂಗಿನ ಗರಿಯನ್ನು ಅದೇ ದಿನ ಇಳಿಸಬೇಕು, ಕಡ್ಡಿ ತೆಗೆದು ಸೀಳಬೇಕು, ಕಟ್ಟುವವರೆಗೆ ಒದ್ದೆ ಬಟ್ಟೆಯಲ್ಲಿ ಸುತ್ತಿ ನೆರಳಲ್ಲಿಡಬೇಕು. ಈಗ ಮರ ಹತ್ತುವವರೇ ಸಿಗುವುದಿಲ್ಲ, ಹಿಂದಿನ ದಿನ ಇಳಿಸಿದರೆ ಬಾಡುತ್ತದೆ. ಒತ್ತೆಕೋಲದಲ್ಲಿ ವಿಷ್ಣುಮೂರ್ತಿ ದೈವ ಕೆಂಡದ ರಾಶಿಗೆ ಬೀಳುವಾಗ ಮೈಗೂ ಕೆಂಡಕ್ಕೂ ನಡುವೆ ಇರುವುದು ಹಸಿ ಗರಿಯ ನೀರಿನಂಶ. ಒಣಗಿದ್ದರೆ ಹೊತ್ತಿಕೊಳ್ಳುತ್ತದೆ. ಆನ್‌ಲೈನಿನ ಪ್ಲಾಸ್ಟಿಕ್ ಸಿರಿಯ ಮಾತೇ ಬೇಡ.

ಹೊಸದೆಲ್ಲ ಬೇಡವೆಂದಲ್ಲ. ಪಾಲಂತಾಯಿ ಕಣ್ಣನೆಂಬ ಭಕ್ತನ ಜೊತೆ ವಿಷ್ಣುಮೂರ್ತಿ ಮಂಗಳೂರಿನ ಜೆಪ್ಪುವಿನಿಂದ ನೀಲೇಶ್ವರಕ್ಕೆ ಬಂದದ್ದೆಂಬುದು ಐತಿಹ್ಯ. ಆರಿಕ್ಕಾಡಿಯಲ್ಲಿ ಮುಸ್ಲಿಂ ದೈವವಾದ ಆಲಿ ಭೂತಕ್ಕೂ ಕೋಲ ಉಂಟು. ಊರು ದಾಟುವುದು, ಹೊಸಬರಿಗೆ ಜಾಗ ಕೊಡುವುದು ದೈವಗಳಿಗೆ ಹೊಸತಲ್ಲ. ಮೈಕ್ ಇದ್ದರೆ ದೈವದ ನುಡಿ ಹಿಂದೆ ನಿಂತವರಿಗೂ ಕೇಳುತ್ತದೆ, ಒಳ್ಳೆಯದೇ. ರಜೆಯಲ್ಲಿ ಬರುವವರಿಗಾಗಿ ತರವಾಡಿನ (ಕುಟುಂಬದ ಮೂಲಮನೆಯ) ಕೋಲವನ್ನು ಶನಿವಾರಕ್ಕೆ ಇಟ್ಟರೂ ತಪ್ಪೇನಿಲ್ಲ. ಆದರೆ ನಾಲ್ಕು ಮೂಲೆಯಿಂದ ಬಿಳಿ ಎಲ್‌ಇಡಿ ಬಿಡಬೇಡಿ. ಆ ದಪ್ಪ ಗೆರೆಗಳು ದೀವಟಿಗೆಯ ಅಲುಗುವ ಬೆಳಕಿಗಾಗಿ ಬರೆದವು. ನೆರಳಿಲ್ಲದಿದ್ದರೆ ಮುಖ ಚಪ್ಪಟೆಯಾಗುತ್ತದೆ. ಬೆನ್ನಿಗೆ ಎತ್ತರದ ಅಣಿಯ ಚೌಕಟ್ಟು ಹೊತ್ತವರ ಕಣ್ಣಿಗೆ ಫ್ಲ್ಯಾಶ್ ಹೊಡೆದರೆ ಕಾಲಿಡುವ ಜಾಗವೇ ಕಾಣುವುದಿಲ್ಲ.

ಕೋಲ ಕಟ್ಟುವುದು ನಲಿಕೆ, ಪರವ, ಪಂಬದ ಮೊದಲಾದ ಸಮುದಾಯದವರ ಹಕ್ಕು, ಅವರ ದುಡಿಮೆ. 2022ರಲ್ಲಿ ಕರ್ನಾಟಕ ಸರ್ಕಾರ 60 ದಾಟಿದ ದೈವನರ್ತಕರಿಗೆ ತಿಂಗಳಿಗೆ 2,000 ರೂ. ಘೋಷಿಸಿತು, ಆದರೆ ಗಡಿಯ ತಲಪಾಡಿಯಿಂದ ಈಚೆಗಿನ ಅವರ ನಂಟರು 1956ರಿಂದ ಕೇರಳದವರು, ಆ ಘೋಷಣೆ ಅವರಿಗಲ್ಲ. ಅವರ ಹಕ್ಕನ್ನು ಬಾಡಿಗೆ ವೇಷದಲ್ಲಿ ನಾವು ಕುಣಿದು ತೋರಿಸುವುದು ಅನ್ಯಾಯ.

ಆದ್ದರಿಂದ ರಾಜ್ಯೋತ್ಸವದ ದಿನ ಮಕ್ಕಳಿಗೆ ಮುಖವರ್ಣಿಕೆ, ಅಡಿಕೆ ಹಾಳೆಯ ಮೇಲೆ. ಅರದಾಳದಲ್ಲಿ ಆರ್ಸೆನಿಕ್ ಇದೆ, ಮಕ್ಕಳ ಕೈಗೆ ಕೊಡುವಂತಿಲ್ಲ. ಅರಸಿನ ಕಲಸಿ ಹಳದಿ, ಅದಕ್ಕೇ ಚಿಟಿಕೆ ಸುಣ್ಣ ಬೆರೆಸಿದರೆ ಕೆಂಪು, ಅಕ್ಕಿಹಿಟ್ಟು ಬಿಳಿ, ದೀಪದ ಮಸಿ ಕಪ್ಪು. ಸುಣ್ಣ ಬೆರೆಸುವುದು ದೊಡ್ಡವರೇ. ಬಣ್ಣ ಹಾಕುವಾಗ ಪಾಡ್ದನ ಹೇಳಬಲ್ಲ ಅಜ್ಜಿಯಂದಿರು ಯಾರ ಮನೆಯಲ್ಲಾದರೂ ಬಂದಿದ್ದರೆ ದಯವಿಟ್ಟು ತಿಳಿಸಿ.

ಉಳಿದ ಸೂಚನೆಗಳು ಅವಸರದಲ್ಲಿ: ದೀಪಾವಳಿ ಊಟಕ್ಕೆ ಹೆಸರು ಈ ಭಾನುವಾರದೊಳಗೆ. ಯಕ್ಷಗಾನ ತಾಳಮದ್ದಳೆ ಮುಂದಿನ ತಿಂಗಳಿಗೆ ಹೋಗಿದೆ. ಗ್ರಂಥಾಲಯದ ಪುಸ್ತಕ ವಾಪಸು ಮಾಡಿ. ಊರಿಂದ ಬರುವವರು ಒಣ ಅಡಿಕೆ ಹಾಳೆ 40 ತರಬೇಕು, ಅಂಚು ಒಡೆಯದಂತೆ ಬಟ್ಟೆಯ ನಡುವೆ ಇಟ್ಟು. ಮತ್ತೆ, ಈ ಸಂಚಿಕೆಯ ಪುಟ ಕಟ್ಟಿದ್ದು ಒಂದೇ ಜೋಡಿ ಕೈ. ಡಿಸೆಂಬರಿನದಕ್ಕೆ ಟೈಪು ಮಾಡಲು ಇಬ್ಬರು ಬೇಕೇ ಬೇಕು.