ಸ್ಪೇನ್ ಸೋತಿದ್ದು ಬರೀ ಒಳಜಗಳದಿಂದಲ್ಲ

ಸಂಪಾದಕರಿಗೆ ನಮಸ್ಕಾರ,

ಭಾನುವಾರದ ಪುರವಣಿಯಲ್ಲಿ ಸ್ಪೇನ್ ಅಂತರ್ಯುದ್ಧದ ಲೇಖನ ಓದಿದೆ. ಎಡಪಂಥೀಯರು ತಮ್ಮತಮ್ಮಲ್ಲೇ ಕಚ್ಚಾಡಿದರು, ಬಲಪಂಥೀಯ ಜನರಲ್ ಫ್ರಾಂಕೊ ಗೆದ್ದ ಎಂದು ಒಂದೇ ಸಾಲಿನಲ್ಲಿ ಮುಗಿಸಿಬಿಟ್ಟಿದ್ದಾರೆ. ಕಚ್ಚಾಟ ನಿಜ. ಆದರೆ ಅದಕ್ಕೆ ತುಪ್ಪ ಸುರಿದವರು ಯಾರು ಅಂತಲೂ ಕೇಳಬೇಕಲ್ವಾ?

1936ರ ಜುಲೈನಲ್ಲಿ ಚುನಾಯಿತ ಎಡಪಂಥೀಯ ಸರ್ಕಾರದ ವಿರುದ್ಧ ಸೇನಾಧಿಕಾರಿಗಳು ದಂಗೆ ಎದ್ದಾಗ ಫ್ರಾಂಕೊ ಪಡೆ ಮೊರಾಕ್ಕೊದಲ್ಲಿತ್ತು. ನಡುವೆ ಸಮುದ್ರ, ಹಡಗುಗಳಲ್ಲಿ ಹೆಚ್ಚಿನವು ಸರ್ಕಾರದ ಕಡೆ. ಹಿಟ್ಲರ್ ಮತ್ತು ಮುಸೊಲಿನಿ ವಿಮಾನ ಕಳಿಸಿ ಆ ಸೈನಿಕರನ್ನು ಈಚೆಗೆ ದಾಟಿಸಿದರು. ಇಲ್ಲದಿದ್ದರೆ ದಂಗೆ ಅಲ್ಲೇ ತಣ್ಣಗಾಗುತ್ತಿತ್ತೋ ಏನೋ. ಬ್ರಿಟನ್, ಫ್ರಾನ್ಸ್ ಮಾತ್ರ ಯಾರೂ ನಡುವೆ ಹೋಗಬಾರದು ಎಂದು 27 ದೇಶಗಳನ್ನು ಸೇರಿಸಿ ಲಂಡನ್ನಿನಲ್ಲಿ ಒಂದು ಕಮಿಟಿ ಮಾಡಿಕೊಂಡವು. ತಮಾಷೆ ನೋಡಿ, ಅದರಲ್ಲಿ ಜರ್ಮನಿ, ಇಟಲಿಯವರೂ ಇದ್ದರು, ಸ್ಪೇನ್ ಮಾತ್ರ ಇರಲಿಲ್ಲ! ಇಟಲಿಯಿಂದ ಎಪ್ಪತ್ತು ಸಾವಿರಕ್ಕೂ ಜಾಸ್ತಿ ಜನ ಬಂದಿಳಿದರು, ಜರ್ಮನ್ ವಿಮಾನಗಳು ಸಂತೆಯ ದಿನವೇ ಗೆರ್ನಿಕಾ ಊರನ್ನು ಸುಟ್ಟವು, ಕಮಿಟಿ ಸುಮ್ನೆ ಸಭೆ ಮೇಲೆ ಸಭೆ ನಡೆಸುತ್ತಲೇ ಇತ್ತು.

ಮೆಕ್ಸಿಕೊ ಒಂದಿಷ್ಟು ಬಂದೂಕು ಕೊಟ್ಟಿದ್ದು ಬಿಟ್ಟರೆ ಸರ್ಕಾರಕ್ಕೆ ದೊಡ್ಡ ಮಟ್ಟದಲ್ಲಿ ಆಯುಧ ಕೊಟ್ಟಿದ್ದು ಸ್ಟಾಲಿನ್ ಒಬ್ಬರೇ. ಅದೂ ಬಿಟ್ಟಿಯಲ್ಲ, ಖಜಾನೆಯ ಸುಮಾರು 510 ಟನ್ ಚಿನ್ನ ಸ್ಪೇನಿನ ಕಾರ್ತಹೇನಾ ಬಂದರಿನಿಂದ ಹಡಗು ಹತ್ತಿ ಸೋವಿಯತ್ ಒಕ್ಕೂಟದ ಒಡೆಸ್ಸಾಗೆ ಹೋಯಿತು. ಟ್ಯಾಂಕುಗಳ ಜೊತೆಗೇ ಮಾಸ್ಕೋದ ಸಲಹೆಗಾರರೂ ಗೂಢಚಾರರೂ ಬಂದರು. ಮೊದಲು ಸಣ್ಣದಾಗಿದ್ದ ಕಮ್ಯುನಿಸ್ಟ್ ಪಕ್ಷ ಏಕಾಏಕಿ ಬಲವಾಗಿದ್ದು ಹೀಗೆ. ಯಾರ ಕೈಯಲ್ಲಿ ಗುಂಡು ಇದೆಯೋ ಅವರದೇ ಮಾತು ನಡೆಯುತ್ತದೆ.

ಬಾರ್ಸಿಲೋನಾದ ಟೆಲಿಫೋನ್ ಎಕ್ಸ್‌ಚೇಂಜ್ ಕತೆಯನ್ನೇ ನೋಡಿ. ಯಾವ ಸರ್ಕಾರವೂ ಬೇಡ ಎನ್ನುವ ಅರಾಜಕವಾದಿ ಕಾರ್ಮಿಕರೇ ಅದನ್ನು ನಡೆಸುತ್ತಿದ್ದರು. ದೇಶದ ಅಧ್ಯಕ್ಷ ಅಸಾನ್ಯಾ ಮಾತಾಡುತ್ತಿರುವಾಗಲೇ ಆಪರೇಟರ್ ನಡುವೆ ಬಾಯಿ ಹಾಕಿ, ಲೈನ್ ಬೇರೆ ಮುಖ್ಯ ಕೆಲಸಕ್ಕೆ ಬೇಕು, ಮಾತು ನಿಲ್ಲಿಸಿ ಎಂದನಂತೆ! 1937ರ ಮೇ 3ರಂದು ಎಕ್ಸ್‌ಚೇಂಜನ್ನು ವಶಪಡಿಸಿಕೊಳ್ಳಲು ಸರ್ಕಾರದ ಪೊಲೀಸರು ಲಾರಿಗಳಲ್ಲಿ ಬಂದು ಕೆಳಗಿನ ಮಹಡಿಗೆ ನುಗ್ಗಿದರು. ಮೇಲಿನಿಂದ ಗುಂಡು ಹಾರಿತು. ಆಮೇಲೆ ಬೀದಿಬೀದಿಯಲ್ಲಿ ಕಲ್ಲು ಕಿತ್ತು ಅಡ್ಡಗಟ್ಟೆ ಕಟ್ಟಿದರು, ಫ್ರಾಂಕೊ ವಿರೋಧಿಗಳೇ ಒಬ್ಬರನ್ನೊಬ್ಬರು ಕೊಂದರು. ಮುಂದಿನ ತಿಂಗಳು ಸ್ಟಾಲಿನ್ ವಿರೋಧಿ ಮಾರ್ಕ್ಸ್‌ವಾದಿಗಳ ಪೋಮ್ ಪಕ್ಷದ ನಾಯಕ ಆಂದ್ರೆವು ನಿನ್ ಅವರನ್ನು ಹಿಡಿದೊಯ್ದ ಸೋವಿಯತ್ ಏಜೆಂಟರು ಕೊಂದೇ ಹಾಕಿದರು.

ಫ್ರಾಂಕೊ ಕಡೆ ಎಲ್ಲರೂ ಒಂದೇ ಆಗಿದ್ದರಾ? ಇಲ್ಲ. ಸ್ಪೇನಿನ ಫ್ಯಾಸಿಸ್ಟರಾದ ಫಲಾಂಜಿಸ್ಟರಿಗೂ ರಾಜಮನೆತನದ ಇನ್ನೊಂದು ಕವಲಿನ ಪರವಾಗಿದ್ದ ಕಾರ್ಲಿಸ್ಟರಿಗೂ ಆಗಿಬರುತ್ತಿರಲಿಲ್ಲ. ಆದರೆ ಹೊರಗಿನ ಸಹಾಯವೆಲ್ಲ ಫ್ರಾಂಕೊ ಒಬ್ಬನ ಕೈಗೇ ಬರುತ್ತಿದ್ದರಿಂದ 1937ರ ಏಪ್ರಿಲ್‌ನಲ್ಲಿ ಒಂದೇ ಆಜ್ಞೆಯಿಂದ ಇಬ್ಬರನ್ನೂ ಒಂದು ಪಕ್ಷಕ್ಕೆ ಹಾಕಿಬಿಟ್ಟ.

ನೆಹರೂ, ಕೃಷ್ಣ ಮೆನನ್ 1938ರಲ್ಲಿ ಬಾರ್ಸಿಲೋನಾಗೆ ಹೋಗಿದ್ದರು. ನೆಹರೂ ಅಲ್ಲಿ ರಾತ್ರಿ ಹೊತ್ತು ಬಾಂಬ್ ಬೀಳುವುದನ್ನು ಕಣ್ಣಾರೆ ಕಂಡರು. ಲೇಖನದ ಎರಡನೇ ಭಾಗ ಬರುವುದಾದರೆ ಇದಕ್ಕೂ ಆ ಲಂಡನ್ ಕಮಿಟಿಗೂ ಸ್ವಲ್ಪ ಜಾಗ ಕೊಡಿ. ಯುದ್ಧ ಮುಗಿದ ಮೇಲೆ, 1939ರ ಏಪ್ರಿಲ್‌ನಲ್ಲಿ ಅದು ಬಾಗಿಲು ಹಾಕಿಕೊಂಡಿತು.

ಇತಿ,
ಒಬ್ಬ ಓದುಗ, ಧಾರವಾಡ